ಎಣಿಸುವವರು ಬೇಕಾಗಿದ್ದಾರೆ

ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣದ ಪಿಯುಸಿ, ಪದವಿ ಹಾಗೂ ನರ್ಸಿಂಗ್ ವಿದ್ಯಾರ್ಥಿಗಳಿಗೆ,



2025ರ ಜೂನ್ ತಿಂಗಳನ್ನು ನಿಮ್ಮಲ್ಲಿ ಯಾರೂ ಮರೆತಿರಲಾರರು. ಮೊಬೈಲ್ ಕೈಗೆತ್ತಿಕೊಂಡರೆ ಸಾಕು, ಹಾಸನದಲ್ಲಿ ಹೃದಯಾಘಾತಕ್ಕೆ ಮತ್ತೊಂದು ಬಲಿ ಎಂಬ ಸುದ್ದಿ. ಇಪ್ಪತ್ತು ದಾಟಿದವರು, ಮೂವತ್ತರ ಆಸುಪಾಸಿನವರು, ಮನೆಗೆ ದುಡಿದು ಹಾಕುತ್ತಿದ್ದವರು. ಸುಮಾರು ನಲವತ್ತು ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಾವು ಎನ್ನುತ್ತಾ ಚಾನೆಲ್ಲುಗಳು ಅಂಕಿ ಏರಿಸುತ್ತಾ ಹೋದವು. ಎದೆಯಲ್ಲಿ ಸಣ್ಣಗೆ ಚುಳುಕ್ ಎಂದರೂ ಜನ ಬಸ್ಸು ಹತ್ತಿದರು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನ ಜಾವಕ್ಕೇ ಸಾಲು ನಿಂತಿತು. ಒಬ್ಬರು ಕೋವಿಡ್ ಲಸಿಕೆ ಎಂದರು, ಇನ್ನೊಬ್ಬರು ಊಟ ಎಂದರು, ಮತ್ತೊಬ್ಬರು ಒತ್ತಡ ಎಂದರು. ನಮ್ಮ ಜಿಲ್ಲೆಯ ಹೆಸರು ದೇಶದ ಬಾಯಿಗೆ ಬಿದ್ದಿತು.

ಆ ಗದ್ದಲದಲ್ಲಿ ನನ್ನನ್ನು ಕಾಡಿದ್ದು ಒಂದು ಸಾದಾ ಪ್ರಶ್ನೆ. ಹೋದ ವರ್ಷ ಇದೇ ಜೂನ್‌ನಲ್ಲಿ ಇಲ್ಲಿ ಎಷ್ಟು ಜನ ಹೃದಯದ ಕಾಯಿಲೆಯಿಂದ ತೀರಿಕೊಂಡಿದ್ದರು? ಅದರ ಹಿಂದಿನ ವರ್ಷ? ಅದು ಗೊತ್ತಿಲ್ಲದೆ ಈ ವರ್ಷ ಹೆಚ್ಚಾಯಿತು ಎಂದು ಹೇಳುವುದು ಹೇಗೆ? ಕೇಳಿದವರಿಗೆ ಅಂದೇ ಉತ್ತರ ಕೊಡುವ ಒಂದು ಮೇಜು, ಒಂದು ಕಂಪ್ಯೂಟರ್, ಒಬ್ಬ ಬಲ್ಲ ಮನುಷ್ಯ ಜಿಲ್ಲೆಯಲ್ಲಿ ಇದ್ದಿದ್ದರೆ ಎಷ್ಟೋ ಮನೆಗಳ ನಿದ್ದೆ ಉಳಿಯುತ್ತಿತ್ತು. ಅಂಥ ಮನುಷ್ಯ ನೀವಾಗಬೇಕು ಎಂದು ಕೇಳಿಕೊಳ್ಳಲು ಈ ಪತ್ರ.

ಸರ್ಕಾರ ಜಯದೇವ ಹೃದ್ರೋಗ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ತಜ್ಞರ ಸಮಿತಿ ರಚಿಸಿತು. ಜುಲೈ 10ರಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ವರದಿಯ ಸಾರ ಹೇಳಿದರು. ಸಮಿತಿ ಪರಿಶೀಲಿಸಿದ್ದು 24 ಸಾವು. ಅದರಲ್ಲಿ ನಾಲ್ಕಕ್ಕೆ ಹೃದಯ ಕಾರಣವೇ ಆಗಿರಲಿಲ್ಲ. ಉಳಿದ 20ರಲ್ಲಿ ಕೆಲವು ದಾಖಲೆಗಳಿಂದ ದೃಢಪಟ್ಟವು, ಕೆಲವು 'ಸಂಭವನೀಯ' ಎಂಬ ಗುಂಪಿಗೆ ಸೇರಿದವು. ಹಿಂದಿನ ತಿಂಗಳುಗಳ ಲೆಕ್ಕದೊಡನೆ ಹೋಲಿಸಿದಾಗ ಹೃದ್ರೋಗ ಹಠಾತ್ತಾಗಿ ಏರಿದ್ದು ಕಾಣಲಿಲ್ಲ ಎಂಬುದು ಸಮಿತಿಯ ಮಾತು. ಆಸ್ಪತ್ರೆಯ ಹೊರಗೆ ಆಗುವ ಹಠಾತ್ ಸಾವುಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕು, ಮರಣೋತ್ತರ ಪರೀಕ್ಷೆ ಆಗಬೇಕು ಎಂದೂ ಸರ್ಕಾರ ಪ್ರಕಟಿಸಿತು.

ಗಮನಿಸಿ: ತಜ್ಞರು ಕೂತು, ಮನೆಮನೆಯವರನ್ನು ವಿಚಾರಿಸಿ, ಚೀಟಿಗಳನ್ನು ಹುಡುಕಿಸಿ ಕಂಡುಕೊಂಡ ಸಂಗತಿ ಇದು. ದಾಖಲೆ ಮೊದಲೇ ಸರಿಯಿದ್ದಿದ್ದರೆ ಒಂದು ದಿನದ ಕೆಲಸ.

ಈಗ ನಾವೇ ಒಂದು ಲೆಕ್ಕ ಮಾಡೋಣ. ಪಿಯುಸಿ ಮಟ್ಟದ ಗಣಿತ ಸಾಕು. 2011ರ ಜನಗಣತಿಯಲ್ಲಿ ಹಾಸನ ಜಿಲ್ಲೆಯ ಜನಸಂಖ್ಯೆ 17.76 ಲಕ್ಷ. ಕರ್ನಾಟಕದಲ್ಲಿ ವರ್ಷಕ್ಕೆ ಸಾವಿರ ಜನರಿಗೆ ಸರಿಸುಮಾರು ಆರೂವರೆ ಸಾವು ಎಂದಿಟ್ಟುಕೊಳ್ಳಿ. ಜಿಲ್ಲೆಗೆ ವರ್ಷಕ್ಕೆ ಹನ್ನೊಂದೂವರೆ ಸಾವಿರ, ನಲವತ್ತು ದಿನಕ್ಕೆ 1,260ರ ಆಸುಪಾಸು. ವೈದ್ಯರು ಕಾರಣ ಬರೆದು ದೃಢೀಕರಿಸಿದ ಸಾವುಗಳಲ್ಲಿ ರಕ್ತಪರಿಚಲನಾ ವ್ಯವಸ್ಥೆಯ ಕಾಯಿಲೆಗಳ ಪಾಲು ದೇಶದಲ್ಲಿ 2020ರಲ್ಲಿ ಶೇ 32.1 ಇತ್ತು. ಇದರಲ್ಲಿ ಪಾರ್ಶ್ವವಾಯುವೂ ಸೇರಿದೆ. ಆ ಪಾಲನ್ನೇ ನಮ್ಮ ಜಿಲ್ಲೆಗೆ ಹಾಕಿದರೆ ನಲವತ್ತು ದಿನಕ್ಕೆ 400 ಸಾವು. ಹಳ್ಳಿಯ ಜಿಲ್ಲೆ, ಅಷ್ಟಿರಲಾರದು ಎಂದು ಅರ್ಧಕ್ಕೆ ಇಳಿಸಿ, 200. ಹಾಗಾದರೆ ಟಿವಿಯಲ್ಲಿ ಕಂಡ ಇಪ್ಪತ್ತನಾಲ್ಕು ಯಾವುದು? ಅದು ಜಿಲ್ಲೆಯ ಹೃದಯಾಘಾತಗಳ ಮೊತ್ತವಾಗಿರಲು ಸಾಧ್ಯವೇ ಇಲ್ಲ. ಸುದ್ದಿಯಾದ ಸಾವುಗಳ ಮೊತ್ತ ಅದು. ಚಿಕ್ಕ ವಯಸ್ಸಿನವರು ಸತ್ತಾಗ ಸುದ್ದಿಯಾಗುತ್ತದೆ; ಒಮ್ಮೆ ಸುದ್ದಿಯಾದ ಮೇಲೆ ವರದಿಗಾರರು ಹುಡುಕತೊಡಗುತ್ತಾರೆ; ಹುಡುಕಿದಷ್ಟೂ ಸಿಗುತ್ತದೆ.

ಇದನ್ನು ಓದಿ, ಹಾಗಿದ್ದರೆ ಏನೂ ಆಗೇ ಇಲ್ಲ ಎನ್ನುತ್ತೀರಾ? ದಯವಿಟ್ಟು ಆ ತೀರ್ಮಾನಕ್ಕೆ ಬರಬೇಡಿ. ನಲವತ್ತೈದರ ಒಳಗಿನವರ ಸಾವು ನಿಜಕ್ಕೂ ಏರುತ್ತಿದೆಯೇ ಎಂಬುದು ಗಂಭೀರ ಪ್ರಶ್ನೆ, ಮತ್ತು ನನ್ನ ಮೇಲಿನ ಲೆಕ್ಕ ಅದಕ್ಕೆ ಉತ್ತರ ಕೊಡುವುದಿಲ್ಲ. ಅದಕ್ಕೆ ವಯಸ್ಸುವಾರು, ತಾಲ್ಲೂಕುವಾರು, ಕಾರಣವಾರು ಹತ್ತು ವರ್ಷದ ಅಂಕಿ ಬೇಕು. ಅದು ಸಿಗದಿರುವುದಕ್ಕೆ ಕಾರಣ ನಮ್ಮ ಫಾರಂಗಳ ಖಾಲಿ ಕಾಲಂಗಳು.

ಆ ಫಾರಂಗಳನ್ನು ಹತ್ತಿರದಿಂದ ನೋಡಿ. 1969ರ ಜನನ ಮರಣ ನೋಂದಣಿ ಕಾಯಿದೆಯ ಪ್ರಕಾರ ಸಾವನ್ನು 21 ದಿನದೊಳಗೆ ನೋಂದಾಯಿಸಬೇಕು. ಆಸ್ಪತ್ರೆಯಲ್ಲಿ ಆದ ಸಾವಿಗೆ ವೈದ್ಯರು ನಮೂನೆ 4, ಹೊರಗೆ ಆದ ಸಾವಿಗೆ ನಮೂನೆ 4ಎ ತುಂಬಬೇಕು. ಅದರಲ್ಲಿ ಮೂರು ಸಾಲು. ಮೊದಲನೆಯದು ನೇರ ಕಾರಣ, ಅದರ ಕೆಳಗೆ ಅದಕ್ಕೆ ಹಿಂದಿನ ಕಾರಣ, ಅದರ ಕೆಳಗೆ ಎಲ್ಲಕ್ಕೂ ಮೂಲ. ಪ್ರತಿ ಸಾಲಿನ ಎದುರು, ಕಾಯಿಲೆ ಶುರುವಾಗಿ ಸಾವಿನವರೆಗೆ ಎಷ್ಟು ಕಾಲ ಎಂದು ಬರೆಯುವ ಜಾಗ. ಸರಿಯಾಗಿ ತುಂಬಿದ ನಮೂನೆ ಹೀಗಿರುತ್ತದೆ: ಮೊದಲ ಸಾಲಿನಲ್ಲಿ ತೀವ್ರ ಹೃದಯಾಘಾತ, ಮೂರು ಗಂಟೆ; ಎರಡನೆಯದರಲ್ಲಿ ಹೃದಯದ ರಕ್ತನಾಳದ ಕಾಯಿಲೆ, ನಾಲ್ಕು ವರ್ಷ; ಮೂರನೆಯದರಲ್ಲಿ ಸಕ್ಕರೆ ಕಾಯಿಲೆ, ಹನ್ನೊಂದು ವರ್ಷ. ಮೂರೇ ಸಾಲಿನಲ್ಲಿ ಒಬ್ಬ ಮನುಷ್ಯನ ಹನ್ನೊಂದು ವರ್ಷದ ಕಥೆ ಇದೆ, ಎಲ್ಲಿ ತಡೆಯಬಹುದಿತ್ತು ಎಂಬುದೂ ಇದೆ. ಆದರೆ ಎಷ್ಟೋ ಸಲ ಅಲ್ಲಿ ಇರುವುದು 'ಹೃದಯ ಸ್ತಂಭನ' ಎಂಬ ಎರಡು ಪದ ಮಾತ್ರ. ಸತ್ತ ಪ್ರತಿಯೊಬ್ಬರ ಹೃದಯವೂ ಸ್ತಂಭಿಸಿರುತ್ತದೆ. ಹಾವು ಕಚ್ಚಿದವರದ್ದೂ, ಕೆರೆಗೆ ಬಿದ್ದವರದ್ದೂ. ಅದನ್ನು ಬರೆದರೆ ಏನನ್ನೂ ಬರೆದಂತಾಗುವುದಿಲ್ಲ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆಗಳ ವರ್ಗೀಕರಣದಲ್ಲಿ ಪ್ರತಿಯೊಂದಕ್ಕೂ ಬೇರೆ ಸಂಕೇತ ಕೊಟ್ಟಿದೆ. ಹತ್ತನೇ ಆವೃತ್ತಿಯಲ್ಲಿ ತೀವ್ರ ಹೃದಯಾಘಾತಕ್ಕೆ ಐ21, ಹೃದಯ ಸ್ತಂಭನಕ್ಕೆ ಐ46. ಈ ಎರಡನ್ನು ಬೇರ್ಪಡಿಸಿ ನೋಡಲು ಬಲ್ಲ, ಕಾಯಿಲೆಗೆ ಸಂಕೇತ ಹಾಕುವ ಒಬ್ಬ ಕೋಡರ್ ತಾಲ್ಲೂಕು ಆಸ್ಪತ್ರೆಯಲ್ಲಿದ್ದರೆ, ಅಂದೇ ವೈದ್ಯರ ಬಳಿ ಹೋಗಿ "ಸಾರ್, ಇದರ ಹಿಂದಿನ ಕಾರಣ ಬರೆದುಕೊಡಿ" ಎಂದು ಕೇಳುತ್ತಾರೆ. ಆರು ತಿಂಗಳಾದ ಮೇಲೆ ಕೇಳಿದರೆ ಯಾವ ವೈದ್ಯರಿಗೂ ನೆನಪಿರುವುದಿಲ್ಲ. 2020ರಲ್ಲಿ ದೇಶದಲ್ಲಿ ನೋಂದಣಿಯಾದ ಸಾವುಗಳ ಪೈಕಿ ವೈದ್ಯಕೀಯವಾಗಿ ಕಾರಣ ದೃಢೀಕರಿಸಿದ್ದು ಶೇ 22.5 ಮಾತ್ರ. ಉಳಿದವರು ಏತಕ್ಕೆ ಹೋದರು ಎಂಬುದು ದಾಖಲೆಯಲ್ಲಿ ಇಲ್ಲ.

ಅರಕಲಗೂಡಿನವರಿಗೆ ಇನ್ನೊಂದು ಮಾತು. ಮರಣ ವರದಿಯ ನಮೂನೆ 2 ಇದೆಯಲ್ಲ, ಅದರಲ್ಲಿ ತೀರಿಕೊಂಡವರಿಗೆ ಬೀಡಿ ಸಿಗರೇಟಿನ ಅಭ್ಯಾಸ ಇತ್ತೇ, ಎಷ್ಟು ವರ್ಷದಿಂದ ಎಂಬ ಪ್ರಶ್ನೆ ಇದೆ. ತಂಬಾಕು ಜಗಿಯುತ್ತಿದ್ದರೇ, ಅಡಿಕೆ ಹಾಕುತ್ತಿದ್ದರೇ, ಮದ್ಯ ಸೇವಿಸುತ್ತಿದ್ದರೇ ಎಂಬ ಪ್ರಶ್ನೆಗಳೂ ಇವೆ. ರಾಮನಾಥಪುರದಲ್ಲಿ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆ ಇರುವ ತಾಲ್ಲೂಕು ನಿಮ್ಮದು. ತಂಬಾಕು ಬೆಳೆದು ಬೇಯಿಸುವ ಮನೆಗಳಲ್ಲಿ ಅದರ ಬಳಕೆ ಹೆಚ್ಚೋ ಕಡಿಮೆಯೋ, ಅಲ್ಲಿಯ ಹೃದ್ರೋಗಕ್ಕೂ ಪಕ್ಕದ ತಾಲ್ಲೂಕಿನದಕ್ಕೂ ವ್ಯತ್ಯಾಸ ಇದೆಯೋ ಎಂದು ನೋಡಲು ಕಾಲಂ ಸಿದ್ಧವಾಗಿದೆ. ಅದನ್ನು ತುಂಬುವಾಗ "ಇಲ್ಲ, ಇಲ್ಲ, ಇಲ್ಲ" ಎಂದು ಒಂದೇ ಉಸಿರಿಗೆ ಬರೆದು ಮುಗಿಸಿದರೆ ಆ ಪ್ರಶ್ನೆ ಸತ್ತಂತೆಯೇ.

ಸಂಖ್ಯಾಶಾಸ್ತ್ರ ಬೇಕಾಗುವುದು ಇಲ್ಲಿಂದ ಮುಂದಕ್ಕೆ. ಊಹೆಗೆ ಒಂದು ಲೆಕ್ಕ: ಒಂದು ತಾಲ್ಲೂಕಿನಲ್ಲಿ ಚಿಕ್ಕ ವಯಸ್ಸಿನವರ ಹಠಾತ್ ಸಾವು ತಿಂಗಳಿಗೆ ಸರಾಸರಿ ನಾಲ್ಕು ಎಂದುಕೊಳ್ಳಿ. ಒಂದು ತಿಂಗಳು ಎಂಟು ಆಯಿತು. ಎರಡು ಪಟ್ಟು! ಪತ್ರಿಕೆಗೆ ತಲೆಬರಹ ಸಿಕ್ಕಿತು. ಆದರೆ ಪಾಯ್ಸಾನ್ ವಿತರಣೆಯ ಸೂತ್ರ ಹಾಕಿ ನೋಡಿ. ಸರಾಸರಿ ನಾಲ್ಕು ಇದ್ದಾಗ, ಏನೂ ವಿಶೇಷ ಕಾರಣವಿಲ್ಲದೆ ಬರೀ ಆಕಸ್ಮಿಕವಾಗಿ ಎಂಟು ಅಥವಾ ಹೆಚ್ಚು ಬರುವ ಸಂಭವ ಸುಮಾರು 0.05, ಅಂದರೆ ಇಪ್ಪತ್ತು ತಿಂಗಳಿಗೊಮ್ಮೆ. ಹಾಸನ ಜಿಲ್ಲೆಯಲ್ಲಿ ಎಂಟು ತಾಲ್ಲೂಕು, ವರ್ಷಕ್ಕೆ ಹನ್ನೆರಡು ತಿಂಗಳು, ಒಟ್ಟು 96 ತಾಲ್ಲೂಕು-ತಿಂಗಳು. ಅಂದಮೇಲೆ ಪ್ರತಿ ವರ್ಷ ಜಿಲ್ಲೆಯ ಯಾವುದಾದರೂ ಮೂಲೆಯಲ್ಲಿ ಸುಮಾರು ಐದು ಸಲ ಇಂಥ 'ಎರಡು ಪಟ್ಟು' ಬಂದೇ ಬರುತ್ತದೆ, ಯಾರ ತಪ್ಪೂ ಇಲ್ಲದೆ. ಅದೇ ತಾಲ್ಲೂಕಿನಲ್ಲಿ ಮೂರು ತಿಂಗಳು ಸತತವಾಗಿ ಎಂಟು ಬಂದರೆ ಮಾತ್ರ ಎದ್ದು ನಿಲ್ಲಬೇಕು, ಜೀಪು ತೆಗೆಯಬೇಕು. ಯಾವಾಗ ಸುಮ್ಮನಿರಬೇಕು, ಯಾವಾಗ ಓಡಬೇಕು ಎಂಬುದನ್ನು ಹೇಳಿಕೊಡುವ ವಿದ್ಯೆ ಇದು. ಪರೀಕ್ಷೆಗೆ ಐದು ಅಂಕದ ಪ್ರಶ್ನೆ ಎಂದು ಪಾಯ್ಸಾನ್ ಬಾಯಿಪಾಠ ಮಾಡಿದ್ದೀರಲ್ಲ, ಅದರ ನಿಜವಾದ ಜಾಗ ಜಿಲ್ಲಾ ಆರೋಗ್ಯಾಧಿಕಾರಿಯ ಕಚೇರಿ.

ಇನ್ನು ಲಸಿಕೆಯ ಪ್ರಶ್ನೆ. ಸತ್ತವರಲ್ಲಿ ಬಹುಪಾಲು ಜನ ಲಸಿಕೆ ಹಾಕಿಸಿಕೊಂಡಿದ್ದರು, ಆದ್ದರಿಂದ ಲಸಿಕೆಯೇ ಕಾರಣ ಎಂದರು. ಬದುಕಿರುವವರಲ್ಲೂ ಬಹುಪಾಲು ಜನ ಹಾಕಿಸಿಕೊಂಡಿದ್ದಾರಲ್ಲ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಸಂಶೋಧಕರು 18ರಿಂದ 45 ವರ್ಷದವರ ಕಾರಣ ತಿಳಿಯದ ಹಠಾತ್ ಸಾವುಗಳ ಬಗ್ಗೆ ದೇಶದ 47 ಆಸ್ಪತ್ರೆಗಳ ಮೂಲಕ ನಡೆಸಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಅವರು ತೆಗೆದುಕೊಂಡದ್ದು 729 ಸಾವು. ಅಷ್ಟಕ್ಕೇ ನಿಲ್ಲಲಿಲ್ಲ. ಪ್ರತಿ ಸಾವಿಗೂ ಅದೇ ವಯಸ್ಸಿನ, ಅದೇ ಲಿಂಗದ, ಅದೇ ನೆರೆಹೊರೆಯ ನಾಲ್ಕು ಜನ ಬದುಕಿರುವವರನ್ನು ಹುಡುಕಿದರು. ಒಟ್ಟು 2,916 ಜನ. ಎರಡೂ ಗುಂಪಿನವರ ಬಗ್ಗೆ ಒಂದೇ ಪ್ರಶ್ನೆಗಳನ್ನು ಕೇಳಿದರು. ಲಸಿಕೆಯಿಂದ ಅಪಾಯ ಹೆಚ್ಚಿದ್ದು ಕಾಣಲಿಲ್ಲ. ಹಿಂದೆ ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದು, ಮನೆತನದಲ್ಲಿ ಹಠಾತ್ ಸಾವಿನ ಇತಿಹಾಸ, ಸಾವಿಗೆ ಮುಂಚಿನ 48 ಗಂಟೆಗಳಲ್ಲಿ ಮಿತಿಮೀರಿ ಕುಡಿದದ್ದು, ಅದೇ ಅವಧಿಯಲ್ಲಿ ಅತಿ ಶ್ರಮದ ವ್ಯಾಯಾಮ ಮಾಡಿದ್ದು ಅಪಾಯದ ಜೊತೆ ಸೇರಿ ಕಂಡವು. ಸತ್ತವರ ಮನೆಗೆ ಮಾತ್ರ ಹೋಗಿ ಬರುವುದು ಸುದ್ದಿ. ಪಕ್ಕದ ನಾಲ್ಕು ಮನೆಗೂ ಹೋಗಿ ಬರುವುದು ಅಧ್ಯಯನ. ನಿಮ್ಮ ಸಂಖ್ಯಾಶಾಸ್ತ್ರದ ಪಾಠ ಇಷ್ಟನ್ನು ಕಲಿಸಿದರೂ ಸಾರ್ಥಕ.

ಹೀಗೆ ಮನೆಗೆ ಹೋಗಿ ಕೇಳುವ ಕೆಲಸಕ್ಕೆ ಈ ನೆಲದ ಮಕ್ಕಳೇ ಬೇಕು. ಆಸ್ಪತ್ರೆಗೆ ಬಾರದೆ ತೀರಿಕೊಂಡವರ ಬಗ್ಗೆ ಮನೆಯವರನ್ನು ವಿಚಾರಿಸಿ ಕಾರಣ ಅಂದಾಜು ಮಾಡುವ ಕ್ರಮ ಇದೆ. ಅಲ್ಲಿ ಅವ್ವ ಹೇಳುತ್ತಾರೆ: "ಏನಿಲ್ಲ ಕಣಪ್ಪ, ಗ್ಯಾಸ್ಟ್ರಿಕ್ ಅಂದ, ಸೋಡಾ ಕುಡ್ದು ಮಲಗ್ದ, ಬೆಳಗ್ಗೆ ಎದ್ದೇಳಲಿಲ್ಲ." ಬೆವರಿದ್ದನಾ, ಎಡಗೈ ಜೋಮು ಅಂದನಾ, ದವಡೆ ನೋವು ಅಂದನಾ, ಉಸಿರು ಸಿಕ್ಕಿಕೊಂಡಿತ್ತಾ, ಹಿಂದಿನ ವಾರ ಹತ್ತು ಮೆಟ್ಟಿಲಿಗೇ ಸುಸ್ತಾಗುತ್ತಿದ್ದನಾ ಎಂದು ಆ ದುಃಖದ ಮನೆಯಲ್ಲಿ ಕೂತು, ಅವರದೇ ಮಾತಿನಲ್ಲಿ, ಗಾಯ ಕೆದಕದಂತೆ ಕೇಳಬಲ್ಲವರು ಬೇಕು. ದೂರದ ಊರಿನ ಕಂಪನಿಯ ಆ್ಯಪ್‌ಗೆ ಇದು ಬಾರದು.

ದಾಖಲೆಗೆ ಇಷ್ಟು ಬೆಲೆ ಇದೆಯೇ ಎಂದು ಅನುಮಾನ ಬಂದವರು ಮೈಸೂರಿನ ಮಿಷನ್ ಆಸ್ಪತ್ರೆಯ ಕಥೆ ಕೇಳಬೇಕು. ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಎಂದು ಅದರ ಪೂರ್ಣ ಹೆಸರು. ಅಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಟ್ಟಿದ್ದರು. ಬರೆದ ಸಿಬ್ಬಂದಿಗೆ ಅದು ದಿನದ ಕೆಲಸ. ಆರು ದಶಕದ ನಂತರ ಸಂಶೋಧಕರು ಆ ದಾಖಲೆಗಳನ್ನು ಹಿಡಿದು, ಆಸ್ಪತ್ರೆಯ ಸುತ್ತಮುತ್ತ ಮನೆಮನೆ ತಿರುಗಿ, 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿದ 517 ಜನರನ್ನು ಪತ್ತೆ ಮಾಡಿ ಅವರ ಹೃದಯ ಪರೀಕ್ಷಿಸಿದರು. ಹುಟ್ಟಿದಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ಶೇ 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ ಇತ್ತು. ಮೂರು ಕಿಲೋಗೂ ಮೇಲ್ಪಟ್ಟು ತೂಗಿದ್ದವರಲ್ಲಿ ಶೇ 3. 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಗರ್ಭಿಣಿಯ ಊಟಕ್ಕೂ ಐವತ್ತು ವರ್ಷದ ನಂತರ ಮಗನಿಗೆ ಬರುವ ಹೃದಯಾಘಾತಕ್ಕೂ ಸಂಬಂಧ ಇರಬಹುದು ಎಂಬ ವಿಚಾರಕ್ಕೆ ಭಾರತದಿಂದ ಸಿಕ್ಕ ದೊಡ್ಡ ಪುರಾವೆ ನಮ್ಮ ಪಕ್ಕದ ಊರಿನ ಹಳೇ ರಿಜಿಸ್ಟರಿನಿಂದ ಬಂತು. ಇಂದು ಹೊಳೆನರಸೀಪುರದ ಹೆರಿಗೆ ವಾರ್ಡಿನಲ್ಲಿ ನರ್ಸಿಂಗ್ ವಿದ್ಯಾರ್ಥಿನಿಯೊಬ್ಬಳು ಮಗುವಿನ ತೂಕವನ್ನು 2.46 ಎಂದು ಬರೆಯುತ್ತಾಳೋ, ಇಲ್ಲ ಕಣ್ಣಂದಾಜಿಗೆ 2.5 ಎಂದು ಬರೆಯುತ್ತಾಳೋ ಎಂಬುದು ಸಣ್ಣ ಸಂಗತಿ ಅಲ್ಲ ತಾಯಿ.

ಇನ್ನೊಂದು ಉದಾಹರಣೆ: ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯಲ್ಲಿ 1982ರಲ್ಲಿ ಜನಸಂಖ್ಯೆ ಆಧಾರಿತ ಕ್ಯಾನ್ಸರ್ ನೋಂದಣಿ ಶುರುವಾಯಿತು. ಮುಂಬೈ, ಚೆನ್ನೈ ಜೊತೆಗೆ ರಾಷ್ಟ್ರೀಯ ಕಾರ್ಯಕ್ರಮದ ಮೊದಲ ಮೂರರಲ್ಲಿ ಒಂದು. ರೋಗಿ ಬರಲಿ ಎಂದು ಕಾಯದೆ, ಸಿಬ್ಬಂದಿ ಆಸ್ಪತ್ರೆ ಆಸ್ಪತ್ರೆ ತಿರುಗಿ, ಮರಣ ದಾಖಲೆಗಳನ್ನೂ ನೋಡಿ ಬರೆದುಕೊಂಡರು. ಆ ಕಾರ್ಯಕ್ರಮವನ್ನು ಇಂದು ನಡೆಸುತ್ತಿರುವುದು ಬೆಂಗಳೂರಿನಲ್ಲೇ ಇರುವ ಐಸಿಎಂಆರ್‌ನ ರಾಷ್ಟ್ರೀಯ ರೋಗ ಮಾಹಿತಿ ಮತ್ತು ಸಂಶೋಧನಾ ಕೇಂದ್ರ. ಕ್ಯಾನ್ಸರಿಗೆ ನಲವತ್ತು ವರ್ಷದಿಂದ ಆಗಿದ್ದು ಹಾಸನದ ಹೃದಯಕ್ಕೆ ಯಾಕೆ ಆಗಬಾರದು? ನನ್ನ ಪ್ರಕಾರ ಆಗಲೇಬೇಕು, ಮತ್ತು ಅದರ ಮೇಜುಗಳಲ್ಲಿ ಕೂರುವವರು ಇಲ್ಲಿಯವರೇ ಆಗಬೇಕು.

ಇಷ್ಟು ಸಂಖ್ಯಾಶಾಸ್ತ್ರದ ಮಾತಾಯಿತು. ಅದರ ಜೊತೆಗೆ ಬೇಕಾದದ್ದು ಹೆಲ್ತ್ ಇನ್ಫರ್ಮ್ಯಾಟಿಕ್ಸ್. ಹಾಗೆಂದರೆ ಏನು ಎಂದು ಹಲವರು ಕೇಳುತ್ತೀರಿ. ಆರೋಗ್ಯದ ಮಾಹಿತಿಯನ್ನು ಕಂಪ್ಯೂಟರಿನಲ್ಲಿ ಸೇರಿಸಿ, ಜೋಡಿಸಿ, ಬೇಕಾದಾಗ ಬೇಕಾದವರಿಗೆ ಸಿಗುವಂತೆ ಮಾಡುವ ವಿದ್ಯೆ. ಕೇಳಲು ಸುಲಭ. ಹೊಳೆನರಸೀಪುರ ತಾಲ್ಲೂಕಿನಲ್ಲಿ ಎಷ್ಟು ಜನ ಮಂಜೇಗೌಡರಿದ್ದಾರೆ, ಎಣಿಸಿ. ಅವರಲ್ಲಿ ತಂದೆಯ ಹೆಸರೂ ಒಂದೇ ಆಗಿರುವವರು ಎಷ್ಟು? ಹೊಸಹಳ್ಳಿ, ಕೊಪ್ಪಲು ಎಂಬ ಹೆಸರಿನ ಊರುಗಳೆಷ್ಟು? ಒಬ್ಬರೇ ಮಂಜೇಗೌಡರ ಹೆಸರನ್ನು ತಾಲ್ಲೂಕು ಆಸ್ಪತ್ರೆಯವರು ಇಂಗ್ಲಿಷಿನಲ್ಲಿ ಒಂದು ಥರ ಬರೆಯುತ್ತಾರೆ, ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲಿ ಇನ್ನೊಂದು ಥರ, ಮೈಸೂರಿನಲ್ಲಿ ಮತ್ತೊಂದು ಥರ. ಕಂಪ್ಯೂಟರಿಗೆ ಅವರು ಮೂವರು. ಅವರಿಗೆ ಹೋದ ವರ್ಷ ಕೊಟ್ಟ ಮಾತ್ರೆ, ಆದ ಅಲರ್ಜಿ, ತೆಗೆದ ಇಸಿಜಿ ಮೂರು ಕಡೆ ಚದುರಿ ಹೋದವು. ಇದಕ್ಕೇ ಕೇಂದ್ರ ಸರ್ಕಾರ 2021ರ ಸೆಪ್ಟೆಂಬರ್ 27ರಂದು ದೇಶದಾದ್ಯಂತ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ಗೆ ಚಾಲನೆ ಕೊಟ್ಟು, 14 ಅಂಕಿಯ 'ಆಭಾ' ಸಂಖ್ಯೆ ತಂದಿತು. ಸಂಖ್ಯೆ ಕೊಟ್ಟರೆ ಮುಗಿಯಲಿಲ್ಲ. ಹಳೆಯ ದಾಖಲೆಗಳಲ್ಲಿ ಇವರೇ ಅವರು ಎಂದು ಗುರುತಿಸಿ ಸೇರಿಸಬೇಕು. ಹೆಸರಿನ ಸ್ಪೆಲ್ಲಿಂಗ್, ವಯಸ್ಸಿನ ವ್ಯತ್ಯಾಸ, ಊರು, ಮನೆತನ ಎಲ್ಲವನ್ನೂ ತೂಗಿ ಇಷ್ಟು ಸಂಭವ ಎಂದು ಹೇಳುವ ಸೂತ್ರಗಳಿವೆ. ಕನ್ನಡದ ಹೆಸರುಗಳು ಹೇಗೆ ಮುರಿಯುತ್ತವೆ, ಹೇಗೆ ಸೇರುತ್ತವೆ ಎಂದು ಬಲ್ಲ ನಿಮಗಿಂತ ಚೆನ್ನಾಗಿ ಅದನ್ನು ಇನ್ಯಾರು ಮಾಡಿಯಾರು?

ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ ಗೊತ್ತಲ್ಲ? ಎದೆನೋವೆಂದು ತಾಲ್ಲೂಕು ಆಸ್ಪತ್ರೆಗೆ ಬಂದವರ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯ ಹೃದ್ರೋಗ ತಜ್ಞರಿಗೆ ಕಳಿಸುವುದು, ಅವರು ಹೇಳಿದ ಕೂಡಲೇ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡುವುದು. ಇಲ್ಲಿ ನಾಲ್ಕು ಸಮಯ ಬರೆಯಬೇಕು. ನೋವು ಶುರುವಾದದ್ದು, ಆಸ್ಪತ್ರೆಯ ಬಾಗಿಲಿಗೆ ಬಂದದ್ದು, ಇಸಿಜಿ ತೆಗೆದದ್ದು, ಸೂಜಿ ಚುಚ್ಚಿದ್ದು. ಕೊಣನೂರಿನಿಂದ ಅರಕಲಗೂಡಿಗೆ, ಹಿರೀಸಾವೆಯಿಂದ ಚನ್ನರಾಯಪಟ್ಟಣಕ್ಕೆ ಬರುವಷ್ಟರಲ್ಲಿ ಎಷ್ಟು ಹೊತ್ತು ಹೋಯಿತು, ಆಸ್ಪತ್ರೆಯೊಳಗೆ ಎಷ್ಟು ಹೋಯಿತು ಎಂದು ಈ ನಾಲ್ಕು ಗಡಿಯಾರಗಳು ಹೇಳುತ್ತವೆ. ತಡ ಆಗುತ್ತಿರುವುದು ರಸ್ತೆಯಲ್ಲೋ, ಮನೆಯಲ್ಲೋ, ಕೌಂಟರಿನಲ್ಲೋ? ಉತ್ತರಕ್ಕೆ ತಕ್ಕಂತೆ ಪರಿಹಾರ ಬೇರೆ ಬೇರೆ. ಮತ್ತೆ ಎಚ್ಚರ: ಈ ಪಟ್ಟಿಯಲ್ಲಿ ಇರುವವರು ಆಸ್ಪತ್ರೆ ಮುಟ್ಟಿದವರು ಮಾತ್ರ. ಹೊಲದಲ್ಲೇ ಕುಸಿದವರು ಇದರಲ್ಲಿಲ್ಲ. ಪಟ್ಟಿ ನೋಡಿ ನೂರಕ್ಕೆ ತೊಂಬತ್ತೈದು ಜನ ಬದುಕಿದರು ಎಂದು ಯಾರಾದರೂ ಬೀಗಿದರೆ, "ಬಾರದವರ ಲೆಕ್ಕ ಎಲ್ಲಿ?" ಎಂದು ಸಭೆಯಲ್ಲಿ ಎದ್ದು ನಿಂತು ಕೇಳುವ ಧೈರ್ಯ ನಿಮಗಿರಬೇಕು. ಆ ಲೆಕ್ಕ ಮರಣ ನೋಂದಣಿಯಲ್ಲಿದೆ. ಎರಡನ್ನೂ ಜೋಡಿಸಿದಾಗಲೇ ಸತ್ಯ.

ಈಗ ಓದಿನ ವಿಷಯ. 2019ರ ಎಸ್ಸೆಸ್ಸೆಲ್ಸಿಯಲ್ಲಿ ರಾಜ್ಯಕ್ಕೇ ಮೊದಲು ಬಂದ ಜಿಲ್ಲೆ ನಮ್ಮದು. ಅಂಕ ಗಳಿಸುವುದು ನಿಮಗೆ ಹೇಳಿಕೊಡಬೇಕಿಲ್ಲ. ಆದರೆ ನೀಟ್‌ನಲ್ಲಿ ಸೀಟು ಸಿಗದಿದ್ದರೆ ಆರೋಗ್ಯ ಕ್ಷೇತ್ರದ ಬಾಗಿಲೇ ಮುಚ್ಚಿತು ಎಂದು ಮನೆಮಂದಿಯೆಲ್ಲ ತಲೆಮೇಲೆ ಕೈಹೊತ್ತು ಕೂರುವುದನ್ನು ಪ್ರತಿ ವರ್ಷ ನೋಡುತ್ತೇನೆ. ಎರಡನೇ ವರ್ಷ, ಮೂರನೇ ವರ್ಷ ಎಂದು ಕೋಚಿಂಗಿಗೆ ಸಾಲ ಮಾಡುತ್ತೀರಿ. ಆ ಬಾಗಿಲ ಪಕ್ಕದಲ್ಲೇ ಇನ್ನೊಂದು ಬಾಗಿಲಿದೆ. 2021ರಲ್ಲಿ ಸಂಸತ್ತು ಅಂಗೀಕರಿಸಿದ ಸಹಾಯಕ ಮತ್ತು ಆರೋಗ್ಯ ರಕ್ಷಣಾ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯಿದೆಯ ಹತ್ತು ವರ್ಗಗಳಲ್ಲಿ ಆರೋಗ್ಯ ಮಾಹಿತಿ ನಿರ್ವಹಣೆ ಮತ್ತು ಇನ್ಫರ್ಮ್ಯಾಟಿಕ್ಸ್ ಒಂದು. ಫಿಸಿಯೋಥೆರಪಿ, ಲ್ಯಾಬ್, ರೇಡಿಯಾಲಜಿಗಳ ಸಾಲಿನಲ್ಲೇ ಅದಕ್ಕೂ ಜಾಗ. ವೈದ್ಯಕೀಯ ದಾಖಲೆ ವಿಶ್ಲೇಷಕರು, ಕ್ಲಿನಿಕಲ್ ಕೋಡರ್‌ಗಳು ಕಾನೂನಿನ ಕಣ್ಣಲ್ಲಿ ಆರೋಗ್ಯ ವೃತ್ತಿಯವರು.

ದಾರಿಗಳು ಹಲವು. ಪಿಯುಸಿಯಲ್ಲಿ ವಿಜ್ಞಾನ ಓದಿದವರು ಬಿ.ಎಸ್ಸಿ. ಹೆಲ್ತ್ ಇನ್ಫರ್ಮೇಷನ್ ಮ್ಯಾನೇಜ್‌ಮೆಂಟ್ ಸೇರಬಹುದು. ಮಣಿಪಾಲದಲ್ಲಿ ಇದಕ್ಕೆ ಪ್ರತ್ಯೇಕ ವಿಭಾಗವೇ ಇದೆ. ಖಾಸಗಿ ಸಂಸ್ಥೆ, ಶುಲ್ಕ ಭಾರ, ಮೊದಲೇ ವಿಚಾರಿಸಿ. ಖರ್ಚು ಕಡಿಮೆಯ ದಾರಿ ಎಂದರೆ ಸರ್ಕಾರಿ ಪದವಿ ಕಾಲೇಜಿನಲ್ಲಿ ಗಣಿತ, ಸಂಖ್ಯಾಶಾಸ್ತ್ರ ಇರುವ ಬಿ.ಎಸ್ಸಿ., ಆಮೇಲೆ ಮಾನಸಗಂಗೋತ್ರಿಯಲ್ಲಿ ಸಂಖ್ಯಾಶಾಸ್ತ್ರದ ಎಂ.ಎಸ್ಸಿ. ನನ್ನ ಒಲವು ಈ ದಾರಿಯ ಕಡೆಗೇ. ಬುನಾದಿ ಗಟ್ಟಿಯಾಗುತ್ತದೆ, ವೈದ್ಯಕೀಯದ ಭಾಷೆಯನ್ನು ಆಮೇಲೆ ಕಲಿಯಬಹುದು. ಪಿಯುಸಿಯಲ್ಲಿ ವಾಣಿಜ್ಯ ಮತ್ತು ಸಂಖ್ಯಾಶಾಸ್ತ್ರ ಓದಿದವರು, ಬಿಸಿಎ ಓದುತ್ತಿರುವವರು ನಮಗೂ ಆರೋಗ್ಯಕ್ಕೂ ಏನು ಸಂಬಂಧ ಎಂದುಕೊಳ್ಳಬೇಡಿ. ಆಸ್ಪತ್ರೆಯ ಡೇಟಾಬೇಸ್ ಕಟ್ಟುವವರು ನೀವೇ. ನರ್ಸಿಂಗ್ ಓದುವವರಿಗಂತೂ ದೊಡ್ಡ ಅನುಕೂಲ ಇದೆ: ವಾರ್ಡಿನಲ್ಲಿ ಏನು ನಡೆಯುತ್ತದೆ ಎಂದು ನಿಮಗೆ ಗೊತ್ತು, ಸಾಫ್ಟ್‌ವೇರ್ ಬರೆಯುವವರಿಗೆ ಗೊತ್ತಿಲ್ಲ. ಜೊತೆಗೆ ಎಕ್ಸೆಲ್ ಅನ್ನು ಚೆನ್ನಾಗಿ ಕಲಿಯಿರಿ, ಎಸ್‌ಕ್ಯೂಎಲ್ ಕಲಿಯಿರಿ, ಆರ್ ಎಂಬ ತಂತ್ರಾಂಶ ಕಲಿಯಿರಿ. ಆರ್ ಸಂಪೂರ್ಣ ಉಚಿತ. ಕೇಂದ್ರ ಸರ್ಕಾರದ 'ಸ್ವಯಂ' ಜಾಲತಾಣದಲ್ಲಿ ಪಾಠಗಳೂ ಉಚಿತ.

ಆರು ವಾರದಲ್ಲಿ ಮೆಡಿಕಲ್ ಕೋಡಿಂಗ್, ಕೆಲಸ ಗ್ಯಾರಂಟಿ ಎಂದು ಬಸ್ ನಿಲ್ದಾಣದ ಗೋಡೆಗೆ ಅಂಟಿಸಿದ ಚೀಟಿ ನಂಬಿ ದುಡ್ಡು ಕಟ್ಟಬೇಡಿ. ಕೋಡಿಂಗ್ ಒಳ್ಳೆಯ ಕಸುಬು, ಆದರೆ ಅದಕ್ಕೆ ದೇಹರಚನೆ, ರೋಗಶಾಸ್ತ್ರ, ವೈದ್ಯರ ಕೈಬರಹ ಎಲ್ಲ ಗೊತ್ತಿರಬೇಕು. ಕೋರ್ಸಿಗೆ ಸೇರುವ ಮುಂಚೆ ಯಾವ ವಿಶ್ವವಿದ್ಯಾಲಯದ ಮಾನ್ಯತೆ, ಯಾವ ಆಸ್ಪತ್ರೆಯಲ್ಲಿ ತರಬೇತಿ, ಹೋದ ವರ್ಷ ಮುಗಿಸಿದವರು ಎಲ್ಲಿದ್ದಾರೆ ಎಂಬ ಮೂರು ಪ್ರಶ್ನೆ ಕೇಳಿ.

ಕೆಲಸದ ಬಗ್ಗೆ ಸುಳ್ಳು ಭರವಸೆ ಕೊಡಲಾರೆ. ಜಿಲ್ಲೆಯ ರೋಗ ಸರ್ವೇಕ್ಷಣಾ ಘಟಕದಲ್ಲಿ ಎಪಿಡೆಮಿಯಾಲಜಿಸ್ಟ್, ಡೇಟಾ ಮ್ಯಾನೇಜರ್ ಹುದ್ದೆಗಳಿವೆ. ರಾಷ್ಟ್ರೀಯ ಆರೋಗ್ಯ ಅಭಿಯಾನದ ಇಂಥ ಎಷ್ಟೋ ಹುದ್ದೆಗಳು ಗುತ್ತಿಗೆಯವು, ಸಂಬಳ ಕಡಿಮೆ. ಜನನ ಮರಣ ನೋಂದಣಿಯ ಹೊಣೆ ನಮ್ಮ ರಾಜ್ಯದಲ್ಲಿ ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯದ್ದು. ಅಲ್ಲಿಯ ಕಾಯಂ ಹುದ್ದೆಗಳಿಗೆ ಲೋಕಸೇವಾ ಆಯೋಗದ ಪರೀಕ್ಷೆ ಬರೆಯಬಹುದು. ವೈದ್ಯಕೀಯ ಕಾಲೇಜುಗಳ ಸಮುದಾಯ ವೈದ್ಯಶಾಸ್ತ್ರ ವಿಭಾಗ, ದೊಡ್ಡ ಆಸ್ಪತ್ರೆಗಳ ದಾಖಲೆ ವಿಭಾಗ, ಬೆಂಗಳೂರಿನ ಔಷಧ ಪರೀಕ್ಷಾ ಕಂಪನಿಗಳು, ವಿಮಾ ಕಂಪನಿಗಳು ಇವೆ. ಖಾಸಗಿಯಲ್ಲಿ ಹಣ ಹೆಚ್ಚು. ಅಲ್ಲಿಗೆ ಹೋದವರನ್ನು ನಾನು ದೂರುವುದಿಲ್ಲ, ಮನೆ ನಡೆಯಬೇಕು. ಆದರೆ ಗುತ್ತಿಗೆಯ ಡೇಟಾ ಎಂಟ್ರಿ ಹುಡುಗನಿಗೆ ಆರು ಪೋರ್ಟಲ್‌ಗಳ ಪಾಸ್‌ವರ್ಡ್ ಕೊಟ್ಟು ರಾತ್ರಿ ಹನ್ನೊಂದರವರೆಗೆ ಕೂರಿಸಿ, ಅಂಕಿ ತಪ್ಪಾದರೆ ಅವನನ್ನೇ ಬೈಯುವ ವ್ಯವಸ್ಥೆ ಬದಲಾಗಲೇಬೇಕು. ಅದನ್ನು ಜಿಲ್ಲೆಯ ಜನಪ್ರತಿನಿಧಿಗಳಿಗೆ ನಾನೂ ಹೇಳುತ್ತೇನೆ, ನೀವೂ ಹೇಳಿ.

ಗಣಿತ ಎಂದರೆ ಭಯ ಎನ್ನುವವರಿಗೆ ಒಂದು ನೆನಪು. ಜಗತ್ತು ಕಂಡ ದೊಡ್ಡ ಸಂಖ್ಯಾಶಾಸ್ತ್ರಜ್ಞರಲ್ಲಿ ಒಬ್ಬರಾದ ಸಿ.ಆರ್. ರಾವ್ ಹುಟ್ಟಿದ್ದು 1920ರಲ್ಲಿ ನಮ್ಮ ಹೂವಿನಹಡಗಲಿಯಲ್ಲಿ. ಅವರು 1945ರಲ್ಲಿ ಬರೆದ ಪ್ರಬಂಧದ ಫಲವನ್ನು ಇವತ್ತಿಗೂ ವೈದ್ಯಕೀಯ ಸಂಶೋಧನೆ ಉಣ್ಣುತ್ತಿದೆ. 2023ರಲ್ಲಿ, ನೂರಾ ಎರಡನೆಯ ವಯಸ್ಸಿನಲ್ಲಿ, ಅವರಿಗೆ ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಪ್ರಶಸ್ತಿ ಬಂತು.

ಕೊನೆಯದಾಗಿ ಒಂದು ಕಟ್ಟುನಿಟ್ಟಿನ ಮಾತು. ನಿಮ್ಮ ಕೈಗೆ ಬರುವುದು ನಿಮ್ಮೂರಿನವರ ದಾಖಲೆಗಳು. ಪಕ್ಕದ ಬೀದಿಯ ಹುಡುಗಿಯ ಸ್ಕ್ಯಾನಿಂಗ್, ಮಾವನ ಎಚ್‌ಐವಿ ಪರೀಕ್ಷೆ, ಮೇಷ್ಟ್ರ ಮಾನಸಿಕ ಚಿಕಿತ್ಸೆ ಎಲ್ಲ ಪರದೆಯ ಮೇಲೆ ಕಾಣುತ್ತದೆ. ಚಿಕ್ಕ ಊರಿನಲ್ಲಿ ಒಂದು ಮಾತು ಹೊರಬಿದ್ದರೆ ಒಂದು ಮದುವೆ ಮುರಿಯುತ್ತದೆ, ಒಂದು ಜೀವವೂ ಹೋಗಬಹುದು. 2017ರ ಎಚ್‌ಐವಿ ಕಾಯಿದೆ, 2023ರ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯಿದೆ ಇವೆ, ಓದಿಕೊಳ್ಳಿ. ಕಾನೂನಿನ ಭಯಕ್ಕಿಂತ ಮುಂಚೆ ನಿಮಗೇ ಅದು ಒಗ್ಗಬೇಕು. ಹೆಸರು ತೆಗೆದು ಊರು, ವಯಸ್ಸು, ಜಾತಿ ಉಳಿಸಿದರೂ ಇನ್ನೂರು ಮನೆಯ ಹಳ್ಳಿಯಲ್ಲಿ ಯಾರೆಂದು ಎಲ್ಲರಿಗೂ ಗೊತ್ತಾಗುತ್ತದೆ ಎಂಬುದನ್ನು ಪಟ್ಟಣದವರು ಮರೆಯುತ್ತಾರೆ. ನೀವು ಮರೆಯಬೇಡಿ.

ಈ ಓದು ನಿಮಗೆ ಹಿಡಿಸುತ್ತದೋ ಇಲ್ಲವೋ ಎಂದು ತಿಳಿಯಲು ಶುಲ್ಕ ಕಟ್ಟಬೇಕಾಗಿಲ್ಲ. ನಮೂನೆ 2 ಮತ್ತು 4ಎ ಎರಡರ ಖಾಲಿ ಪ್ರತಿ ಸಂಪಾದಿಸಿ. ನಾಲ್ಕೈದು ಗೆಳೆಯರು ಕೂತು ಕಲ್ಪನೆಯ ಐವತ್ತು ಸಾವುಗಳನ್ನು ತುಂಬಿ, ಒಬ್ಬರು ಬರೆದದ್ದನ್ನು ಇನ್ನೊಬ್ಬರು ಎಕ್ಸೆಲ್‌ಗೆ ಹಾಕಿ, ವಯಸ್ಸುವಾರು, ಕಾರಣವಾರು ಕೋಷ್ಟಕ ಮಾಡಿ. ಎಷ್ಟು ಕಾಲಂ ಖಾಲಿ ಉಳಿದವು, ಎಲ್ಲೆಲ್ಲಿ ಇಬ್ಬರು ಒಂದೇ ಕೈಬರಹವನ್ನು ಬೇರೆ ಬೇರೆಯಾಗಿ ಓದಿದಿರಿ ಎಂದು ಗುರುತು ಹಾಕಿಕೊಳ್ಳಿ. ಅದನ್ನು ಹಿಡಿದು ನಿಮ್ಮ ಕಾಲೇಜಿನ ಸಂಖ್ಯಾಶಾಸ್ತ್ರದ ಮೇಷ್ಟ್ರ ಹತ್ತಿರ ಹೋಗಿ, ಮೇಷ್ಟ್ರಿಲ್ಲದ ಕಾಲೇಜಾದರೆ ಆ ಹುದ್ದೆ ತುಂಬಿ ಎಂದು ಪ್ರಾಂಶುಪಾಲರಿಗೆ ಅರ್ಜಿ ಬರೆಯಿರಿ.

ಇಂತಿ,
ನಿಮ್ಮ ಹಿತ ಬಯಸುವ,
ಈ ಜಿಲ್ಲೆಯ ಒಬ್ಬ ಅಧ್ಯಾಪಕ